ಮಾಷ್ಟ್ರಲ್ಲಿ ಕೇಳಿ: ಹನ್ನೊಂದು ಕಡೆಯುವ ಕಲ್ಲು, ಒಂದು ಕಳಸೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಪರಂಪರೆ ಉತ್ಸವದ್ದೇ. ಮಳೆ ಬಿಟ್ಟದ್ದೇ ಬಿಟ್ಟದ್ದು, ನಮ್ಮ ಕಾಸರಗೋಡು ಕಡೆಯ ವಾಚನಾಲಯ, ಶಾಲೆ, ಯುವಕ ಮಂಡಲ ಎಲ್ಲರಿಗೂ ಒಟ್ಟಿಗೇ ಅಟ್ಟದ ಮೇಲಿನ ಸಾಮಾನು ನೆನಪಾಗ್ತದೆ. ಒಳ್ಳೇದೇ. ಹಾಗಾಗಿ ಅಡಿಕೆಯ ಹಳದಿ ರೋಗ, ಮಗನ ಮೊಬೈಲ್ ಹುಚ್ಚು ಇತ್ಯಾದಿ ಕೇಳಿದವರು ಸಿಟ್ಟು ಮಾಡ್ಬೇಡಿ, ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ.

ಮಾಷ್ಟ್ರೇ ನಮಸ್ಕಾರ. ನಮ್ಮ ವಾಚನಾಲಯಕ್ಕೆ ಐವತ್ತು ವರ್ಷ ಆಯ್ತು ಅಂತ ಮೂರು ದಿನದ ಪರಂಪರೆ ಉತ್ಸವ ಮಾಡ್ತಾ ಇದ್ದೇವೆ. ಒಂದು ರೂಮಲ್ಲಿ ಹಳೆ ವಸ್ತುಗಳನ್ನು ಮ್ಯೂಸಿಯಂ ಥರ ಇಡುವಾ ಅಂತ ವಾಟ್ಸಾಪಲ್ಲಿ ಹಾಕಿದ್ವಿ. ಈಗ ನೋಡಿದ್ರೆ ಹನ್ನೊಂದು ಕಡೆಯುವ ಕಲ್ಲು ಬಂದಿದೆ, ಇನ್ನೂ ಬರ್ಲಿಕ್ಕುಂಟು, ಬೇಡ ಅಂದ್ರೆ ಜನಕ್ಕೆ ಬೇಜಾರು. ಎಂತ ಮಾಡೂದು?
(ಬದಿಯಡ್ಕ ಕಡೆಯ ಯುವಕ)

ಹನ್ನೊಂದು ಕಡೆಯುವ ಕಲ್ಲು ಬಂತು ಅಂದ್ರೆ ನಿಮ್ಮೂರಲ್ಲಿ ಹನ್ನೊಂದು ಮಿಕ್ಸಿ ಚೆನ್ನಾಗಿ ಓಡ್ತಾ ಉಂಟು ಅಂತ ಅರ್ಥ, ಅಷ್ಟೇ. ಒಂದನ್ನು ಒಳಗೆ ಇಡಿ. ಇನ್ನೊಂದನ್ನು ಹೊರಗೆ ಚಪ್ಪರದ ಅಡಿಯಲ್ಲಿ ನೆನೆಸಿದ ಅಕ್ಕಿಯ ಜೊತೆ ಇಟ್ಟು ಮಕ್ಕಳಿಗೆ ಕಡೀಲಿಕ್ಕೆ ಬಿಡಿ, ಅಲ್ಲಿ ಲೈನ್ ನಿಲ್ತದೆ ನೋಡಿ. ಬಾಕಿ ಒಂಬತ್ತನ್ನು ದಾರಿಯ ಎರಡೂ ಬದಿ ಸಾಲಾಗಿ ಇಟ್ಟು ಮೇಲೆ ಹೂವಿನ ಚಟ್ಟಿ ಇಡಿ, ಕೊಟ್ಟವರಿಗೂ ಖುಷಿ.

ಆದ್ರೆ ನಿಮ್ಮ ನಿಜವಾದ ಕಷ್ಟ ಕಲ್ಲು ಅಲ್ಲ, ಚೀಟಿ. ನನ್ನ ಅನುಭವ ಹೇಳ್ತೇನೆ. ಕೆಲವು ವರ್ಷದ ಹಿಂದೆ ಒಂದು ಕಡೆ, ಹೆಸರು ಬೇಡ, ಪ್ರದರ್ಶನಕ್ಕೆ ಅಂತ ನಮ್ಮ ಮನೆಯ ಕಳಸೆ ಕೊಟ್ಟಿದ್ದೆ. ಹಲಸಿನ ಮರದ್ದು, ಅಜ್ಜನ ಕಾಲದ್ದು. ಹೋಗಿ ನೋಡಿದ್ರೆ ಅದರ ಎದುರು ಚೀಟಿ, 'ಪುರಾತನ ಮರದ ಪಾತ್ರೆ' ಅಂತ. ಪಾತ್ರೆಯಂತೆ! ಅದರಲ್ಲಿ ಯಾರೂ ಸಾರು ಕಾಸಿದ್ದಲ್ಲ ಮಾರಾಯ್ರೆ. ಅಕ್ಕಿ ಅಳೆದದ್ದು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದ್ರೆ ಮುಡಿಗೆ 42 ಸೇರು. ಬೈಹುಲ್ಲಿನ ಮಧ್ಯೆ ಅಕ್ಕಿ ತುಂಬಿಸಿ ಹುಲ್ಲಿನ ಹಗ್ಗದಲ್ಲಿ ಬಿಗಿದು ಬಿಗಿದು ಚೆಂಡಿನ ಹಾಗೆ ಕಟ್ಟಿದ ಅಕ್ಕಿಮುಡಿ ನೋಡಿದ ನೆನಪು ಇವತ್ತು ನಲ್ವತ್ತು ದಾಟಿದವರಿಗೂ ಇರೂದು ಕಮ್ಮಿ. ಕಟ್ಟಲಿಕ್ಕೆ ಗೊತ್ತಿರುವ ಅಜ್ಜ ಒಬ್ಬರು ನಿಮ್ಮೂರಲ್ಲಿ ಇದ್ದಾರಾ ಅಂತ ಇವತ್ತೇ ಹುಡುಕಿ, ಉದ್ಘಾಟನೆಗೆ ಯಾರನ್ನು ಕರೆಯೂದು ಅಂತ ಆಮೇಲೆ ನೋಡಿದ್ರಾಯ್ತು. ಆ ಅಜ್ಜನನ್ನೇ ಕರೆದ್ರೂ ಆಯ್ತು.

ಮತ್ತೆ ಆ ಕಳಸೆಯ ಕಥೆ ಅಲ್ಲಿಗೇ ಮುಗಿಯೂದಿಲ್ಲ. ಅದು ಗೇಣಿ ಅಳೆದ ಕಳಸೆ. ಕೇರಳದಲ್ಲಿ ಗೇಣಿ ಪದ್ಧತಿ ಕಾನೂನು ಪ್ರಕಾರ ನಿಂತದ್ದು 1970ರ ಜನವರಿ 1ಕ್ಕೆ, ಅಲ್ಲಿವರೆಗೆ ಒಕ್ಕಲಿನವರು ಮುಡಿ ಲೆಕ್ಕದಲ್ಲಿ ಅಕ್ಕಿ ತಂದು ಧಣಿಗಳ ಜಗಲಿಯಲ್ಲಿ ಸುರಿಯೂದು, ಇವರು ಅಳೆಯೂದು. ಒಂದು ಮನೆಯಲ್ಲಿ ಅದು ಅಜ್ಜನ ಗತ್ತಿನ ನೆನಪು, ಇನ್ನೊಂದು ಮನೆಯಲ್ಲಿ ಅಳೆದು ಅಳೆದು ಹೋದದ್ದರ ನೆನಪು. ಸಾಮಾನು ಕೊಟ್ಟ ಮನೆಯವರಲ್ಲಿ ಮಾತ್ರ ಕೇಳಿದ್ರೆ ಒಂದೇ ಕಥೆ ಸಿಗ್ತದೆ, ಆಚೆ ಮನೆಯಲ್ಲೂ ಕೇಳಿ, ಎರಡನ್ನೂ ಚೀಟಿಯಲ್ಲಿ ಬರೀರಿ. ಇದು ಹೇಳಿದಾಗ ನಮ್ಮ ಮನೆಯವರಿಗೇ ಸ್ವಲ್ಪ ಬಿಸಿ ಆಯ್ತು, ಇರ್ಲಿ.

ಹೆಸರು ಬರೆಯುವಾಗ ಒಂದೇ ಭಾಷೆ ಸಾಲದು. ಗೆರಸೆ ಅಂತ ನಾವು ಹೇಳೂದನ್ನು ತುಳುವಿನಲ್ಲಿ ತಡ್ಪೆ, ಮಲಯಾಳದಲ್ಲಿ ಮುರಂ ಅಂತಾರೆ, ಘಟ್ಟದ ಮೇಲಿನ ಕನ್ನಡದ ಮೊರವೂ ಆ ಮುರಮ್ಮೂ ಅಣ್ಣ ತಮ್ಮ. ಕೊಂಕಣಿ, ಬ್ಯಾರಿ, ಮರಾಠಿ, ಕರ್ಹಾಡ ಮನೆಗಳಲ್ಲಿ ಎಂತ ಹೇಳ್ತಾರೆ ಅಂತ ಹತ್ತನೇ ಕ್ಲಾಸಿನ ಮಕ್ಕಳನ್ನು ಪುಸ್ತಕ ಪೆನ್ನು ಕೊಟ್ಟು ಕಳಿಸಿ. ಮಕ್ಕಳು ಬರುವಾಗ ಹೆಸರಿನ ಜೊತೆ ಇನ್ನೂ ಹತ್ತು ಸುದ್ದಿ ತರ್ತಾರೆ.

ಸಣ್ಣ ಸಣ್ಣ ಎಚ್ಚರಿಕೆ: ಹಿತ್ತಾಳೆ, ಕಂಚಿನ ಪಾತ್ರೆ ಬಂದ ಕೂಡಲೇ ಹುಣಸೆಹುಳಿ ಹಾಕಿ ತಿಕ್ಕಿ ಫಳಫಳ ಮಾಡ್ಲಿಕ್ಕೆ ಹೋಗ್ಬೇಡಿ, ಬಾಯಿಯ ಅಂಚಿನಲ್ಲಿ ಎಷ್ಟೋ ಸಲ ಮನೆಯವರ ಹೆಸರು ಕೊರೆದದ್ದು ಇರ್ತದೆ, ತಿಕ್ಕಿ ತಿಕ್ಕಿ ಅದೇ ಹೋಗ್ತದೆ. ಮರದ್ದಕ್ಕೆ ವಾರ್ನಿಶ್ ಬೇಡವೇ ಬೇಡ. ಗಮ್ಮಿನ ಸ್ಟಿಕ್ಕರ್ ಬೇಡ, ನೂಲಿನಲ್ಲಿ ಚೀಟಿ ಕಟ್ಟಿ. ತಂದದ್ದೆಲ್ಲ ಒಂದು ಪುಸ್ತಕದಲ್ಲಿ ಫೋಟೋ ಸಮೇತ ಬರೆದು, ಮೊದಲೇ ಒಡಕು ಇದ್ರೆ ಅದನ್ನೂ ಬರೆದು ಸೈನು ಹಾಕಿಸಿ, ಇಲ್ಲದಿದ್ರೆ ಉತ್ಸವ ಮುಗಿದ ಮೇಲೆ ಒಡಕಿನ ಉತ್ಸವ ಬೇರೆ ಶುರುವಾಗ್ತದೆ. ಚಿನ್ನ ಬೆಳ್ಳಿ ಯಾರು ಕೊಟ್ರೂ ತಗೊಳ್ಬೇಡಿ. ರಾತ್ರಿ ಇಬ್ಬರು ಅಲ್ಲೇ ಮಲಗಿ.

ಮಾಷ್ಟ್ರೇ, ನಾನು ಹೊಸದುರ್ಗದ ಒಂದು ಶಾಲೆಯ ಟೀಚರ್. ಉತ್ಸವದ ಭಾಗವಾಗಿ ಏಳನೇ ಕ್ಲಾಸಿನ ಮಕ್ಕಳನ್ನು ಒಂದು ದಿನ ಕೋಟೆಗಳಿಗೆ ಕರ್ಕೊಂಡು ಹೋಗ್ಬೇಕು. ಬೇಕಲಕ್ಕೆ ಹೋದ್ರೆ ಮಕ್ಕಳು ಸೆಲ್ಫಿ ತೆಗೆದು ಐಸ್‌ಕ್ರೀಂ ತಿಂದು ಬರ್ತಾರೆ ಅಷ್ಟೆ. ಅಲ್ಲಿ ಎಂತ ತೋರಿಸೂದು?
(ಹೊಸದುರ್ಗದ ಓದುಗರು)

ಟೀಚರೇ, ಐಸ್‌ಕ್ರೀಂ ತಿನ್ಲಿ, ಅದಕ್ಕೆ ಅಡ್ಡ ಹೋಗ್ಬೇಡಿ. ಆದ್ರೆ ಬಸ್ಸು ಹತ್ತುವ ಮೊದಲೇ ಕಥೆ ನಿಮ್ಮ ಶಾಲೆಯ ಹತ್ತಿರದಿಂದಲೇ ಶುರು ಮಾಡಿ. ಹೊಸದುರ್ಗ ಅಂದ್ರೆ ಎಂತ ಅಂತ ಕೇಳಿ. ಹೊಸ ಕೋಟೆ. ಮಲಯಾಳದಲ್ಲಿ ಅದೇ ಜಾಗಕ್ಕೆ ಪುದಿಯಕೋಟ ಅಂತಾರೆ, ಅದೂ ಹೊಸ ಕೋಟೆಯೇ. ಹಾಗಾದ್ರೆ ಹಳತು ಯಾವುದು ಅಂತ ಮಕ್ಕಳು ಕೇಳ್ತಾರೆ, ಕೇಳ್ಬೇಕು. ಅಲ್ಲಿಂದ ಕೆಳದಿಯ ನಾಯಕರು ಬರ್ತಾರೆ. ಸಾಗರದ ಹತ್ತಿರದ ಕೆಳದಿಯಲ್ಲಿ ಹುಟ್ಟಿದ ಒಂದು ಅರಸುಮನೆ ಘಟ್ಟ ಇಳಿದು ಇಲ್ಲಿವರೆಗೆ ಯಾಕೆ ಕೋಟೆ ಕಟ್ಟಿತು ಅಂತ ಯೋಚಿಸ್ಲಿ. ಕರಿಮೆಣಸು, ಅಕ್ಕಿ, ಬಂದರು, ಸುಂಕ. ಕೋಟೆ ಕಾಯ್ಲಿಕ್ಕೆ ಅಂತ ಬಂದು ಇಲ್ಲೇ ಉಳಿದ ರಾಮಕ್ಷತ್ರಿಯರ ಮನೆಗಳು ನಿಮ್ಮೂರಲ್ಲೂ ಬೇಕಲದಲ್ಲೂ ಈಗಲೂ ಉಂಟಲ್ಲ, ನಿಮ್ಮ ಕ್ಲಾಸಲ್ಲೇ ಆ ಮನೆಯ ಮಕ್ಕಳು ಇದ್ದಾರು. ಕನ್ನಡ ಅಲ್ಲಿ ಉಳಿದದ್ದು ಹಾಗೆ.

ಬೇಕಲಕ್ಕೆ ಬೆಳಿಗ್ಗೆ ಬೇಗ ಹೋಗಿ, ನೆರಳು ಇಲ್ಲ, ಹನ್ನೊಂದು ಗಂಟೆ ಮೇಲೆ ಮುರಕಲ್ಲು, ಅಂದ್ರೆ ಜಂಬಿಟ್ಟಿಗೆ, ಕಾದು ಕಾವಲಿ ಆಗ್ತದೆ, ಮಕ್ಕಳು ನೀರು ನೀರು ಅಂತಾರೆ. ಹದಿನೈದು ವರ್ಷದ ಒಳಗಿನವರಿಗೆ ಟಿಕೆಟ್ ಇಲ್ಲ. ಸುಮಾರು ನಲ್ವತ್ತು ಎಕರೆಯ ಜಾಗ, ಹದಿನೇಳನೇ ಶತಮಾನದ ಮಧ್ಯದಲ್ಲಿ ಶಿವಪ್ಪ ನಾಯಕ ಕಟ್ಟಿಸಿದ್ದು ಅಂತ ಹೇಳೂದು, ಆಮೇಲೆ 1763ರಲ್ಲಿ ಹೈದರಾಲಿ ಕೈಗೆ, ಟಿಪ್ಪು, 1799ರ ನಂತರ ಕಂಪೆನಿ. ಇಷ್ಟನ್ನು ಬಸ್ಸಲ್ಲೇ ಹೇಳಿ ಮುಗಿಸಿ. ಒಳಗೆ ಹೋದ ಮೇಲೆ ಒಂದು ಪ್ರಶ್ನೆ ಕೊಡಿ: ಅರಮನೆ ಎಲ್ಲಿ ಉಂಟು ಹುಡುಕಿ ಅಂತ. ಓಡ್ತಾರೆ, ಹುಡುಕ್ತಾರೆ, ಸಿಗೂದಿಲ್ಲ. ಯಾಕಂದ್ರೆ ಅದು ಇರಲಿಕ್ಕೆ ಕಟ್ಟಿದ ಕೋಟೆ ಅಲ್ಲ, ಕಾಯಲಿಕ್ಕೆ ಕಟ್ಟಿದ್ದು. ಆಮೇಲೆ ಗೋಡೆಯ ಕಿಂಡಿಗಳ ಹತ್ತಿರ ಕೂರಿಸಿ. ಮೇಲಿನ ಕಿಂಡಿಯಿಂದ ದೂರ ಕಾಣ್ತದೆ, ಅದಕ್ಕಿಂತ ಕೆಳಗಿನದ್ದರಲ್ಲಿ ಹತ್ತಿರ, ತೀರಾ ಕೆಳಗಿನದ್ದರಲ್ಲಿ ಗೋಡೆಯ ಬುಡಕ್ಕೆ ಬಂದವ. ಒಬ್ಬ ಹುಡುಗನನ್ನು ಹೊರಗಿನ ದಾರಿಯಲ್ಲಿ ದೂರದಿಂದ ನಡೆಸಿ, ಉಳಿದವರು ಒಳಗಿಂದ ಯಾವ ಕಿಂಡಿಯಲ್ಲಿ ಯಾವಾಗ ಕಾಣ್ತಾನೆ ಅಂತ ನೋಡ್ಲಿ. ಒಂದು ವಿಷಯ ಮಾತ್ರ ಖಡಾಖಂಡಿತ ಹೇಳಿ, ಗೋಡೆ ಮೇಲೆ ಹತ್ತೂದು ಬೇಡ, ಆಚೆ ಸಮುದ್ರ. ಮೆಟ್ಟಿಲು ಇಳಿಯುವ ಕೆರೆ, ಮದ್ದುಗುಂಡಿನ ಮನೆ, ಇಳಿಜಾರು ದಾರಿಯಲ್ಲಿ ಹತ್ತುವ ಬುರುಜು, ಬಾಗಿಲಲ್ಲಿ ಆಂಜನೇಯನ ಗುಡಿ, ಹತ್ತಿರವೇ ಮಸೀದಿ. ಇಷ್ಟು ನೋಡುವಾಗ ಮಧ್ಯಾಹ್ನ.

ಟೈಮ್ ಇದ್ರೆ ಬೇಕಲದಿಂದ ಬಡಗಿಗೆ ಮುಂದೆ ಹೋಗಿ ಚಂದ್ರಗಿರಿ ಕೋಟೆ. ಸಣ್ಣದು, ಜನ ಕಮ್ಮಿ, ನನಗಂತೂ ಬೇಕಲಕ್ಕಿಂತ ಅದೇ ಇಷ್ಟ. ಮೇಲೆ ನಿಂತ್ರೆ ಹೊಳೆ ಸಮುದ್ರ ಸೇರೂದು ಕಾಣ್ತದೆ. ತುಳುನಾಡು ಇಲ್ಲಿಗೆ ಮುಗಿದು ಆಚೆ ಮಲೆಯಾಳ ಅಂತ ಹಿಂದಿನಿಂದ ಎಣಿಸ್ತಾ ಬಂದ ಹೊಳೆ ಇದು. 1967ರ ಮಹಾಜನ ವರದಿಯಲ್ಲಿ ಕರ್ನಾಟಕಕ್ಕೆ ಸೇರ್ಬೇಕು ಅಂತ ಹೇಳಿದ್ದೂ ಇದೇ ಹೊಳೆಯ ಬಡಗು ಬದಿಯನ್ನು. ಅದು ಆಗ್ಲಿಲ್ಲ, ಗೊತ್ತುಂಟಲ್ಲ. ಮಕ್ಕಳಿಗೆ ಹೊಳೆ ತೋರಿಸಿ, ಬಾಕಿ ದೊಡ್ಡವರಾದ ಮೇಲೆ ಅವರೇ ಓದ್ತಾರೆ.

ಅನಂತಪುರದ ಮೊಸಳೆಯನ್ನು ಪರಂಪರೆ ಅಂತ ಹೇಳ್ಬಹುದಾ? ನಮ್ಮ ಪ್ರವಾಸದ ಪಟ್ಟಿಯಲ್ಲಿ ಹಾಕಿದ್ದಕ್ಕೆ ಕಮಿಟಿಯಲ್ಲಿ ಜಗಳ ಆಯ್ತು.
(ನಾಯ್ಕಾಪಿನಿಂದ)

ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಆ ಮೊಸಳೆ ಬಬಿಯ ತೀರಿಹೋದದ್ದು 2022ರ ಅಕ್ಟೋಬರಿನಲ್ಲಿ, ನೋಡ್ಲಿಕ್ಕೆ ಬಂದ ಜನ ನೋಡಿದ್ರೆ ಎಷ್ಟೋ ರಾಜಕಾರಣಿಗಳಿಗೆ ಹೊಟ್ಟೆಕಿಚ್ಚು ಆಗ್ಬೇಕು. ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿತು. ಕಮಿಟಿಯವರಲ್ಲಿ ಹೇಳಿ, ಜಗಳ ಬೇಡ, ಮೊಸಳೆ ಕಾಣದಿದ್ರೂ ಅಲ್ಲಿಗೆ ಹೋಗ್ಬೇಕು. ಕೆರೆಯ ನಡುವೆ ಗರ್ಭಗುಡಿ ಇರುವ ದೇವಸ್ಥಾನ ನಮ್ಮ ಕಡೆ ಬೇರೆ ಎಲ್ಲಿ ಉಂಟು? ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಅಂತ ನಂಬಿಕೆ. ಕಲ್ಲೂ ಅಲ್ಲದ ಲೋಹವೂ ಅಲ್ಲದ ಕಡುಶರ್ಕರ ಪಾಕದ ವಿಗ್ರಹದ ಬಗ್ಗೆ ಅಲ್ಲಿಯೇ ಕೇಳಿ ತಿಳ್ಕೊಳ್ಳಿ, ಹೇಳುವವರು ಇದ್ದಾರೆ.

ಮನೆಯ ಅಟ್ಟ ಗುಡಿಸುವಾಗ ತಾಳೆಗರಿಯ ಕಟ್ಟು ಸಿಕ್ಕಿತು. ಅಕ್ಷರ ಮಲಯಾಳದ ಹಾಗೆ ಕಾಣ್ತದೆ, ಆದ್ರೆ ಮಲಯಾಳ ಮೇಷ್ಟ್ರಿಗೂ ಓದ್ಲಿಕ್ಕೆ ಆಗ್ಲಿಲ್ಲ. ಊರಿನ ಉತ್ಸವದಲ್ಲಿ ಇಡುವಾ ಅಂತ ಮಗ ಹೇಳ್ತಾನೆ. ಒಬ್ಬರು ಬಂದು ಹತ್ತು ಸಾವಿರ ಕೊಡ್ತೇನೆ ಅಂತ ಹೇಳಿ ಹೋಗಿದ್ದಾರೆ. ನಿಧಿಯ ವಿಷಯ ಇರಬಹುದಾ?
(ಮಂಜೇಶ್ವರ ತಾಲೂಕಿನ ಗೃಹಿಣಿ)

ಅಕ್ಕ, ಮೊದಲು ಆ ಹತ್ತು ಸಾವಿರದವರಿಗೆ ಫೋನ್ ಮಾಡಿ ಇಲ್ಲ ಅಂತ ಹೇಳಿಬಿಡಿ. ಎಪ್ಪತ್ತೈದು ವರ್ಷ ದಾಟಿದ ಹಸ್ತಪ್ರತಿ 1972ರ ಪುರಾತನ ವಸ್ತುಗಳ ಕಾನೂನಿನ ಅಡಿಯಲ್ಲಿ ಬರ್ತದೆ, ದೇಶದಿಂದ ಹೊರಗೆ ಸಾಗಿಸುವ ಹಾಗಿಲ್ಲ, ಇವರು ಯಾರಿಗೆ ಮಾರ್ತಾರೆ ಅಂತ ನಿಮಗೆ ಗೊತ್ತಿಲ್ಲ.

ನಿಧಿ ಇರ್ಲಿಕ್ಕಿಲ್ಲ. ಮಂತ್ರ, ಜ್ಯೋತಿಷ, ಮದ್ದು, ಪುರಾಣ, ಇಲ್ಲಾಂದ್ರೆ ಯಾರದ್ದೋ ಸಾಲದ ಲೆಕ್ಕ ಇದ್ದೀತು. ಅಕ್ಷರ ಮಲಯಾಳದ ಹಾಗೆ ಕಂಡೂ ಮಲಯಾಳ ಅಲ್ಲ ಅಂದ್ರೆ ಅದು ತುಳು ಲಿಪಿ ಇರುವ ಸಾಧ್ಯತೆ ಜಾಸ್ತಿ, ತಿಗಳಾರಿ ಅಂತಲೂ ಹೇಳ್ತಾರೆ. ನಮ್ಮ ಕಡೆಯ ಬ್ರಾಹ್ಮಣರ ಮನೆಗಳಲ್ಲಿ ಸಂಸ್ಕೃತವನ್ನು ಅದರಲ್ಲೇ ಬರೆದದ್ದು. ಆದ್ರೆ ಸಂಸ್ಕೃತ ಮಾತ್ರ ಅಲ್ಲ, ಕಾಸರಗೋಡಿನವರೇ ಆದ ಪುಂಡೂರು ವೆಂಕಟರಾಜ ಪುಣಿಂಚತ್ತಾಯರು ಇಂಥದ್ದೇ ಓಲೆಗಳನ್ನು ಹುಡುಕಿ ಓದಿ ವಿಷ್ಣುತುಂಗನ ತುಳು ಭಾಗವತವನ್ನು ಬೆಳಕಿಗೆ ತಂದದ್ದು, ಅದೂ ಯಾರದ್ದೋ ಮನೆಯಲ್ಲಿ ಹೊಗೆ ತಿಂತಾ ಇದ್ದ ಓಲೆಯೇ ತಾನೇ. ಈ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡಿಗೂ ಸೇರಿತು, ಈಗ ಓದಲಿಕ್ಕೆ ಕಲಿತ ಹುಡುಗರು ತುಂಬಾ ಜನ ಇದ್ದಾರೆ, ಮಗನಲ್ಲಿ ಹುಡುಕಿಸಿ.

ಕಟ್ಟನ್ನು ಬಿಸಿಲಿಗೆ ಇಡ್ಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸ್ಬೇಡಿ. ಮೆತ್ತನೆ ಬ್ರಷ್ಷಿನಲ್ಲಿ ಧೂಳು ತೆಗೀರಿ. ಓಲೆ ಒಣಗಿ ಮುರೀತಾ ಇದ್ರೆ ಮಜ್ಜಿಗೆಹುಲ್ಲಿನ ಎಣ್ಣೆ ತೆಳ್ಳಗೆ ಹಚ್ಚುವ ಕ್ರಮ ಉಂಟು, ಆದ್ರೆ ಗೊತ್ತಿದ್ದವರ ಕೈಯಲ್ಲೇ ಮಾಡಿಸಿ. ದಾರ ಬಿಚ್ಚಿದ್ರೆ ಓಲೆಯ ಕ್ರಮ ತಪ್ಪದ ಹಾಗೆ ನೋಡ್ಕೊಳ್ಳಿ, ಎರಡೂ ಬದಿ ಫೋಟೋ ತೆಗೆದು ಕೆಂಪು ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಿ. ಉತ್ಸವಕ್ಕೆ ಬೇಕಾದ್ರೆ ಎರಡು ಓಲೆ ಮಾತ್ರ, ಗಾಜಿನ ಕೆಳಗೆ, ನೆರಳಿನಲ್ಲಿ. ಕೈಯಿಂದ ಕೈಗೆ ಹೋಗುವ ಹಾಗೆ ಮಾತ್ರ ಬಿಡ್ಬೇಡಿ.

ಪಂಚಾಂಗ (ಅಡಿಪಾಯ) ಅಗೆಯುವಾಗ ಎಂಟು ತಾಮ್ರದ ನಾಣ್ಯ ಸಿಕ್ಕಿದೆ. ಪ್ರದರ್ಶನಕ್ಕೆ ಕೊಡ್ಬಹುದಾ? ಹೇಳಿದ್ರೆ ತಗೊಂಡು ಹೋಗ್ತಾರೆ ಅಂತ ಹೆದರಿಕೆ.
(ಹೆಸರು ಬೇಡ ಅಂದವರು)

ಮೊದಲು ಕಲೆಕ್ಟರ್ ಆಫೀಸಿಗೆ ತಿಳಿಸಿ, ಆಮೇಲೆ ಪ್ರದರ್ಶನ. ಕೇರಳದಲ್ಲಿ 1968ರ ನಿಧಿ ಕಾನೂನು ಉಂಟು, ನೆಲದಡಿಯಲ್ಲಿ ಇಂಥದ್ದು ಸಿಕ್ಕಿದ್ರೆ ತಿಳಿಸ್ಲೇಬೇಕು. ತಿಳಿಸಿದವರಿಗೂ ಕಾನೂನಿನಲ್ಲಿ ಹಕ್ಕು ಉಂಟು, ಅಡಗಿಸಿದವರಿಗೆ ಶಿಕ್ಷೆ. ನಾಣ್ಯವನ್ನು ಲಿಂಬೆಹುಳಿ ಹಾಕಿ ತೊಳ್ದಿದ್ದರೆ ಅಲ್ಲಿಗೇ ನಿಲ್ಲಿಸಿ.

ಇತ್ತೀಚೆಗೆ ಒಂದು ಕಡೆ ಪರಂಪರೆ ಉತ್ಸವಕ್ಕೆ ಹೋಗಿದ್ದೆ. ಬೋರ್ಡೆಲ್ಲ ಮಲಯಾಳ, ಇಂಗ್ಲಿಷು. ನಮ್ಮ ಊರಿನ ಯಕ್ಷಗಾನದ ಕಿರೀಟದ ಎದುರೂ ಒಂದಕ್ಷರ ಕನ್ನಡ ಇಲ್ಲ. ರಕ್ತ ಕುದಿಯಿತು. ಎಂತ ಮಾಡ್ಬೇಕು?
(ಕುಂಬಳೆಯಿಂದ ನಿವೃತ್ತ ನೌಕರರು)

ನನ್ನದೂ ಕುದಿದದ್ದುಂಟು. ಕುಂಬಳೆ ಅಂದ್ರೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ಅಲ್ಲಿಯೇ ಯಕ್ಷಗಾನಕ್ಕೆ ಕನ್ನಡ ಇಲ್ಲ ಅಂದ್ರೆ ಯಾರಿಗಾದ್ರೂ ಬೇಜಾರಾಗ್ತದೆ. ಆದ್ರೆ ಒಂದು ಮಾತು ಕೇಳ್ತೇನೆ, ಉತ್ಸವದ ಕಮಿಟಿ ಸಭೆಗೆ ನಮ್ಮಲ್ಲಿ ಎಷ್ಟು ಜನ ಹೋಗಿದ್ವಿ? ಉದ್ಘಾಟನೆ ದಿನ ಹೋಗಿ ಸಿಟ್ಟು ಮಾಡಿದ್ರೆ ಬೋರ್ಡು ಬದಲಾಗೂದಿಲ್ಲ, ಪ್ರಿಂಟಿಗೆ ಹೋಗುವ ಹದಿನೈದು ದಿನ ಮೊದಲು ಹೋಗ್ಬೇಕು. ಒಂದು ಸಲ ನಾನು ಹಾಗೆ ಹೋದೆ, ಬೈಲಿಕ್ಕೆ ಅಂತಲೇ ತಯಾರಾಗಿ ಹೋದದ್ದು, ಅವರು ಒಂದು ಕಟ್ಟು ಕಾಗದ ಕೈಗೆ ಕೊಟ್ಟು 'ಮಾಷೇ, ಕನ್ನಡ ಬರೆದು ಕೊಡುವವರೇ ಸಿಗ್ಲಿಲ್ಲ, ನೀವೇ ಬರೀರಿ' ಅಂದ್ರು. ಮೂರು ರಾತ್ರಿ ಕೂತು ಬರೆದೆ. ಎಲ್ಲ ಕಡೆ ಹೀಗೇ ಆಗ್ತದೆ ಅಂತ ಹೇಳೂದಿಲ್ಲ. ಬೇಕಂತಲೇ ಬಿಡುವವರೂ ಇದ್ದಾರೆ, ಅಲ್ಲಿ ಭಾಷಾ ಅಲ್ಪಸಂಖ್ಯಾತರ ಹಕ್ಕು ಅಂತ ಬರೆದು ಅರ್ಜಿ ಕೊಡ್ಲೇಬೇಕು, ರಶೀದಿ ತಗೊಳ್ಳಿ.

ಊರಿನ ಹೆಸರು ಬರೆಯುವಾಗಲಂತೂ ಬಿಡ್ಬೇಡಿ. ಮಂಜೇಶ್ವರಂ ಅಲ್ಲ, ಮಂಜೇಶ್ವರ. ಮಧೂರ್ ಅಲ್ಲ, ಮಧೂರು. ಹಾಗಂತ ಪಕ್ಕದ ಬೋರ್ಡಿನ ಮಲಯಾಳಕ್ಕೆ ಮಸಿ ಬಳಿಯೂದು ಬೇಡ. ಮಂಜೇಶ್ವರದ ಗೋವಿಂದ ಪೈಗಳ ಮನೆ, ಈಗ ಗಿಳಿವಿಂಡು ಅನ್ನುವ ಸ್ಮಾರಕ, ಅಲ್ಲಿಗೊಮ್ಮೆ ಹೋಗಿ ಬನ್ನಿ. 1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಅಂತ ಕರೆದದ್ದು ಅವರನ್ನು, ಮನೆಮಾತು ಕೊಂಕಣಿ, ಬರೆದದ್ದು ಕನ್ನಡ, ಓದಿದ ಭಾಷೆಗಳಿಗೆ ಲೆಕ್ಕ ಇಲ್ಲ. ರಕ್ತ ಸ್ವಲ್ಪ ತಣ್ಣಗಾಗ್ತದೆ.

ನಮ್ಮ ತೋಟದಲ್ಲಿ ಅಜ್ಜ ತೋಡಿಸಿದ ಸುರಂಗ ಉಂಟು, ಈಗಲೂ ನೀರು ಬರ್ತದೆ. ಉತ್ಸವದವರಲ್ಲಿ ಹೇಳಿದ್ರೆ 'ಅದೆಂತ ಐತಿಹಾಸಿಕ ಸ್ಥಳವಾ' ಅಂತ ನಗ್ತಾರೆ.
(ಬಾಯಾರಿನ ಕೃಷಿಕರು)

ನಗ್ಲಿ ಬಿಡಿ, ಅವರ ಮನೆಯ ಬೋರ್‌ವೆಲ್ ಮಾರ್ಚಿಗೆ ಗಾಳಿ ಉಗುಳುವಾಗ ಯಾರು ನಗ್ತಾರೆ ನೋಡುವಾ. ನನ್ನ ಕೇಳಿದ್ರೆ ಕಾಸರಗೋಡಿನ ಪರಂಪರೆ ಪ್ರವಾಸಕ್ಕೆ ಬೇಕಲ ಎಷ್ಟು ಮುಖ್ಯವೋ ನಿಮ್ಮ ಬಾಯಾರಿನ ಸುರಂಗವೂ ಅಷ್ಟೇ. ಗುಡ್ಡದ ಬದಿಗೆ ಅಡ್ಡವಾಗಿ ಕೊರೆದು, ಒಬ್ಬ ಮನುಷ್ಯ ನಿಂತು ಅಗೆಯುವಷ್ಟು ಎತ್ತರ, ಹೆಗಲು ತಾಗುವಷ್ಟು ಅಗಲ, ಮುರಕಲ್ಲು ದಾಟಿ ನೀರಿನ ಕಣ್ಣು ಸಿಗುವವರೆಗೆ ಹೋಗೂದು. ಕೆಲವು ನಾಲ್ಕು ಮಾರು, ಕೆಲವು ನೂರು ಮೀಟರ್ ದಾಟಿದ್ದೂ ಉಂಟು, ಉದ್ದ ಆದ್ರೆ ಗಾಳಿಗೆ ಮೇಲಿಂದ ಬಾವಿ ಇಳಿಸ್ತಾರೆ. ಒಳಗೆ ದೀಪ ಇಟ್ಕೊಂಡು ಅಗೆಯೂದು, ದೀಪ ನಂದಿದ್ರೆ ಹೊರಗೆ ಓಡೂದು. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರಿನಲ್ಲಿ ನೀರು ತಾನಾಗಿ ಕೆರೆಗೆ ಬಂದು ಬೀಳ್ತದೆ. ಆ ಅಗೆದವರ ಹೆಸರು ಯಾವ ಶಾಸನದಲ್ಲೂ ಇಲ್ಲ. ನಿಮ್ಮ ಅಜ್ಜ ತೋಡಿಸಿದ್ದು ಸರಿ, ತೋಡಿದವರು ಯಾರು? ಆ ಮನೆಯವರು ಹತ್ತಿರದಲ್ಲೇ ಇದ್ರೆ ಕರೆದು ಮಾತಾಡಿಸಿ, ಬೋರ್ಡಿನಲ್ಲಿ ಅಜ್ಜನ ಹೆಸರಿನ ಪಕ್ಕ ಅವರ ಹೆಸರೂ ಬರ್ಲಿ.

ಜನರನ್ನು ಒಳಗೆ ಬಿಡ್ಬೇಡಿ ಮಾತ್ರ. ಬಾಯಿಯ ಹತ್ತಿರ ನಿಲ್ಲಿಸಿ, ಟಾರ್ಚ್ ಹಾಕಿ ತೋರಿಸಿ, ಒಂದು ಚೆಂಬು ನೀರು ಕುಡಿಸಿ ಕಳಿಸಿ. ಬಾವಲಿ ಇದ್ರೆ ಅದನ್ನೂ ಕೆಣಕ್ಬೇಡಿ.

ಕೊನೆ ದಿನ ರಾತ್ರಿ ಯಕ್ಷಗಾನ ಇಡೂದಾ ಡಿಜೆ ಇಡೂದಾ ಅಂತ ನಮ್ಮಲ್ಲಿ ವೋಟಿಂಗ್. ಊಟಕ್ಕೆ ಗೋಬಿ ಮಂಚೂರಿ ಸ್ಟಾಲ್ ಬೇಕು ಅಂತ ಮಕ್ಕಳು. ನೀವು ಯಾವ ಬದಿ?
(ಪೆರ್ಲದ ಯುವಕ ಮಂಡಲ)

ಡಿಜೆಗೆ ನನ್ನ ವೋಟಿಲ್ಲ, ಆದ್ರೆ ರಾತ್ರಿಯಿಡೀ ಆಟ ಇಟ್ಟು ಹನ್ನೊಂದು ಗಂಟೆಗೆ ಕುರ್ಚಿ ಖಾಲಿ ಆದ್ರೆ ಭಾಗವತರ ಮುಖ ನೋಡ್ಲಿಕ್ಕೆ ಆಗೂದಿಲ್ಲ. ಎರಡೂವರೆ ಗಂಟೆಯ ಒಂದು ಪ್ರಸಂಗ ಇಡಿ, ಅದಕ್ಕಿಂತ ಮೊದಲು ವೇಷ ಹಾಕುವ ಚೌಕಿಯನ್ನು ಎಲ್ಲರೂ ನೋಡುವ ಹಾಗೆ ತೆರೆದಿಟ್ಟು ಬಣ್ಣ ಹಚ್ಚೂದು, ತಲೆಗೆ ಕೇದಗೆ ಮುಂದಲೆ ಕಟ್ಟೂದು ತೋರಿಸಿ. ಮೇಳದವರ ಒಪ್ಪಿಗೆ ಕೇಳಿ ಆಯ್ತಾ.

ಗೋಬಿ ಮಂಚೂರಿ ಇರ್ಲಿ. ಅದರ ಪಕ್ಕದಲ್ಲೇ ಹಲಸಿನ ಎಲೆಯಲ್ಲಿ ಬೇಯಿಸಿದ ಕೊಟ್ಟಿಗೆ (ಕಡುಬು), ಪತ್ರೊಡೆ, ಹಲಸಿನ ಹಪ್ಪಳದ ಸ್ಟಾಲ್ ಹಾಕಿ, ಮಂಚೂರಿಯವನಿಗಿಂತ ಐದು ರೂಪಾಯಿ ಕಮ್ಮಿ ಇಡಿ. ನಾನೂ ಬರ್ತೇನೆ, ಒಂದು ಪ್ಲೇಟ್ ತೆಗ್ದಿಡಿ.